ತಾಳವಾದ್ಯವೂ ಹೆಣ್ಣುಮಕ್ಕಳೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜಾತ್ರೆಗಳಲ್ಲಿ ಉರುಮೆ ತಮಟೆಗಳ ನಾದವನ್ನು ಕೇಳದೆ ಬೆಳೆದ ಬಾಲಿಕೆಯರು ವಿರಳ. ಆದರೂ ಮಗಳಿಗೆ ಸಂಗೀತವನ್ನು ಕಲಿಸಬೇಕೆಂದೊಡನೆ ತಂದೆತಾಯಂದಿರ ಮನಸ್ಸು ಹಾಡುಗಾರಿಕೆ, ವೀಣೆಗಳ ಕಡೆಗೆ ಹರಿಯುವುದೇ ಹೊರತು ಮೃದಂಗ, ಘಟಗಳ ಕಡೆಗೆ ಹರಿಯದು. ಹೆಣ್ಣಿನ ಕೈ ಆ ಶ್ರಮವನ್ನು ತಾಳಲಾರದೆಂಬುದು ಇದಕ್ಕೆ ಕೊಡುವ ಕಾರಣ. ಈ ಮಾತನ್ನು ನಾವು ಒಪ್ಪಲಾರೆವು.

ಬೆಂಗಳೂರಿನಲ್ಲಿ ನೆಲಸಿರುವ ಘಟವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಜೀವನವೇ ಇದಕ್ಕೆ ಉತ್ತರ. ಮದರಾಸಿನಲ್ಲಿ ಮೃದಂಗವನ್ನು ಕಲಿಯುತ್ತಿದ್ದ ಇವರು ಘಟವನ್ನು ಬಯಸಿದಾಗ, ಹುಡುಗಿಯ ಕೈಗೆ ಅದು ಕಠಿನವೆಂದು ವಿಕ್ಕು ವಿನಾಯಕರಾಂ ಅವರೇ ಹಿಂಜರಿದರು. ವಿನಾಯಕರಾಮರ ತಂದೆ ಹರಿಹರ ಶರ್ಮರು ತಾವೇ ಪಾಠ ಹೇಳಿದರು. ಮುಂದೆ ಈ ಶಿಷ್ಯೆ ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿರಿಸಿ ‘ಘಟತರಂಗ’ವನ್ನು ನುಡಿಸಿದರು, 1995ರಲ್ಲಿ ಮಹಿಳೆಯರದೇ ಆದ ‘ಸ್ತ್ರೀ ತಾಳ್ ತರಂಗ್’ ಮೇಳವನ್ನು ಕಟ್ಟಿದರು, 2014ನೆಯ ಸಾಲಿನ ಸಂಗೀತ ನಾಟಕ ಅಕಾಡೆಮಿ ಪುರಸ್ಕಾರಕ್ಕೆ ಪಾತ್ರರಾದರು.

ಕೊರತೆಯಿದ್ದುದು ಕೈಯ ಬಲದಲ್ಲಲ್ಲ, ಕಲಿಸುವವರ ಒಪ್ಪಿಗೆಯಲ್ಲಿ ಎಂಬುದು ಇದರಿಂದ ಸ್ಪಷ್ಟವಾಗುವುದು. ಪಕ್ಕವಾದ್ಯದವರು ತಾವಾಗಿ ಕಚೇರಿಯನ್ನು ಏರ್ಪಡಿಸಿಕೊಳ್ಳುವುದು ವಿರಳ. ಬಹುಮಟ್ಟಿಗೆ ಇತರರು ಕರೆದಾಗಲೇ ಅವರಿಗೆ ವೇದಿಕೆ. ಆದುದರಿಂದ ವಾದನದೊಡನೆ ಬೋಧನೆಯ ವೃತ್ತಿಯೂ ನಮ್ಮ ಹೆಣ್ಣುಮಕ್ಕಳಿಗೆ ದೊರೆಯಬೇಕು. ನಮ್ಮ ನಾಡಿನ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ತಾಳವಾದ್ಯಕ್ಕೂ ಸ್ಥಾನವಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವೇ ಇದೆ. ಮಾನ್ಯ ಪೋಷಕರೇ, ಮಗಳು ಮೃದಂಗವನ್ನು ಕೇಳಿದರೆ ವೀಣೆಯನ್ನು ತೋರಿಸಿ ಸಮಾಧಾನಪಡಿಸಬೇಡಿರಿ. ವಿಶ್ವವಿದ್ಯಾನಿಲಯದ ಪೀಠದಲ್ಲಿ ಒಬ್ಬ ತಾಳವಾದ್ಯದ ಅಧ್ಯಾಪಕಿ ಕುಳಿತರೆ, ಅನಂತರ ಬರುವ ಬಾಲಿಕೆ ಯಾರ ಅನುಮತಿಯನ್ನೂ ಬೇಡಬೇಕಾಗದು.