ಮಾವು ಕೆಡದಿರಲು ಸೊಪ್ಪಿನ ರಸವೊಂದೇ ಸಾಲದು

ಕೊಯ್ದ ಮಾವಿಗೆ ಬೇವು, ಬೆಳ್ಳುಳ್ಳಿ ಅಥವಾ ಲೋಳೆಸರದ ರಸ ಲೇಪಿಸಿದರೆ ಹಣ್ಣು ಕೊಳೆಯುವುದಿಲ್ಲವೆಂಬ ಮಾತು ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದನ್ನೇ ನಂಬಿ ಉಳಿದ ಕೆಲಸ ಕೈಬಿಟ್ಟರೆ ನಷ್ಟ ಬೆಳೆಗಾರನದೇ ಎಂಬುದು ನನ್ನ ಅಭಿಪ್ರಾಯ.

ಲವಂಗ ಮತ್ತು ದಾಲ್ಚಿನ್ನಿಯ ಎಣ್ಣೆಗಳು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯಬಲ್ಲವು. ಲೋಳೆಸರದ ತೆಳು ಲೇಪನದಿಂದ ಹಣ್ಣಿನ ತೇವ ಆರುವುದು ನಿಧಾನವಾಗಿ, ಮಾಗುವುದೂ ತಡವಾಗುತ್ತದೆ. ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಗೆದ್ದ ರಸ ಹಣ್ಣಿನ ಮೇಲೂ ಗೆಲ್ಲುತ್ತದೆಂದು ಹೇಳಲಾಗದು.

ಇದಕ್ಕೆ ಕಾರಣವುಂಟು. ಹಣ್ಣಿನ ಮೇಲೆ ಕಪ್ಪು ಮಚ್ಚೆ ತರುವ ಚಿಬ್ಬು ರೋಗ ಬಹುಪಾಲು ತೋಟದಿಂದಲೇ ಬಂದದ್ದು. ಮಳೆ, ಇಬ್ಬನಿಯ ದಿನಗಳಲ್ಲಿ ರೋಗಾಣು ಎಳೆಗಾಯಿಯ ಸಿಪ್ಪೆಯೊಳಗೆ ಸೇರಿ ಸುಪ್ತವಾಗಿರುತ್ತದೆ. ಕಾಯಿ ಹಣ್ಣಾಗುವಾಗ ಎಚ್ಚೆತ್ತು ಹರಡುತ್ತದೆ. ಮೇಲೆ ಬಳಿದ ರಸ ಅಲ್ಲಿಗೆ ತಲುಪುವುದು ಕಷ್ಟ. ಶಾಖ ತಲುಪುತ್ತದೆ. ಆದ್ದರಿಂದಲೇ ಕೊಯ್ದ ಕಾಯಿಗಳನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು 10 ನಿಮಿಷ ಅದ್ದಿಡುವ ಉಪಚಾರ ರೂಢಿಗೆ ಬಂದಿದೆ. ಇದಕ್ಕೆ ಉಷ್ಣಮಾಪಕ ಅಗತ್ಯ. ಬಿಸಿ ಹೆಚ್ಚಾದರೆ ಸಿಪ್ಪೆ ಬೇಯುತ್ತದೆ, ಕಡಿಮೆಯಾದರೆ ರೋಗಾಣು ಉಳಿಯುತ್ತದೆ.

ಅದಕ್ಕೂ ಮೊದಲಿನ ಕೆಲಸಗಳಿಗೆ ಹೆಚ್ಚು ಖರ್ಚಿಲ್ಲ. ಒಣ ರೆಂಬೆಗಳನ್ನು ಕತ್ತರಿಸಿ ಸುಡಬೇಕು. ಕಾಯಿಯನ್ನು ನೆಲಕ್ಕೆ ಬೀಳಿಸದೆ ತೊಟ್ಟಿನ ಸಮೇತ ಕೊಯ್ಯಬೇಕು. ನಂತರ ತೊಟ್ಟನ್ನು ಗಿಡ್ಡವಾಗಿ ಕತ್ತರಿಸಿ, ಸೊನೆ ಸಿಪ್ಪೆಗೆ ತಾಗದಂತೆ ಕಾಯಿಯನ್ನು ತಲೆಕೆಳಗಾಗಿ ಇಟ್ಟು ಸೋರಿಸಬೇಕು. ಪೆಟ್ಟಾದ ಕಾಯಿಗಳನ್ನು ಬೇರ್ಪಡಿಸಬೇಕು. ಇಷ್ಟು ಮಾಡಿದ ಹಣ್ಣಿಗೆ ಲೇಪನವೂ ಸಹಾಯಕ.

ಇನ್ನೊಂದು ಎಚ್ಚರಿಕೆ. ಗಿಡದಿಂದ ಬಂದದ್ದೆಲ್ಲ ನಿರಪಾಯವಲ್ಲ. ದತ್ತೂರಿ, ಎಕ್ಕ, ಕಣಗಿಲೆಗಳ ರಸ ಶಿಲೀಂಧ್ರವನ್ನು ತಡೆದರೂ ಅವು ಮನುಷ್ಯನಿಗೆ ವಿಷ. ತಿನ್ನುವ ಹಣ್ಣಿಗೆ ಅವನ್ನು ಎಂದಿಗೂ ಸೋಕಿಸಬಾರದು. ಲವಂಗದ ಎಣ್ಣೆಯೂ ಹೆಚ್ಚಾದರೆ ಸಿಪ್ಪೆ ಸುಟ್ಟು, ಹಣ್ಣಿಗೆ ಘಾಟು ಹಿಡಿಯುತ್ತದೆ.

ಮನೆಯಲ್ಲಿ ಅರೆದ ರಸದ ಸತ್ವ ಎಲೆಯ ವಯಸ್ಸು, ಋತುಗಳಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ವಿಜ್ಞಾನಿಗಳಾದ ನಾವು ಪ್ರಮಾಣ, ಖರ್ಚು, ಸುರಕ್ಷತೆಗಳನ್ನು ಹಣ್ಣಿನ ಮೇಲೆಯೇ ಪರೀಕ್ಷಿಸದೆ ಶಿಫಾರಸು ಮಾಡಕೂಡದು. ರೈತ ಬಾಂಧವರೂ ಯಾರಾದರೂ ಹೊಸ ರಸವನ್ನು ಹೊಗಳಿದಾಗ ಮೂರು ಪ್ರಶ್ನೆ ಕೇಳಬೇಕು: ಹಣ್ಣಿನ ಮೇಲೆ ಪರೀಕ್ಷಿಸಿದ್ದೀರಾ? ಎಷ್ಟು ದಿನ ಹೆಚ್ಚು ಬಾಳಿತು? ತಿನ್ನುವವರಿಗೆ ಅಪಾಯವಿಲ್ಲವೇ? ಸಮರ್ಪಕ ಉತ್ತರ ಸಿಗುವವರೆಗೆ ಎಚ್ಚರಿಕೆಯ ಕೊಯ್ಲನ್ನೇ ನೆಚ್ಚುವುದು ಲೇಸು.