ಕೆಂಪು ಚುಕ್ಕೆಗೆ ಬದನೆಕಾಯಿ ಏನು ಮಾಡ್ತು?

ಎದೆ, ಹೊಟ್ಟೆ, ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಮೂಡಿರೋದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ. ನೋವಿಲ್ಲ, ತುರಿಕೆಯಿಲ್ಲ. ಆದರೂ ಒಮ್ಮೆ ಕಣ್ಣಿಗೆ ಬಿತ್ತು ಅಂದ್ರೆ ಮನಸ್ಸಿಗೆ ಸಮಾಧಾನ ಇರಲ್ಲ.

ನಮ್ಮ ದಾವಣಗೆರೆ, ಹರಿಹರದ ಕಡೆ ಸಲಹೆಗಂತೂ ಬರವಿಲ್ಲ. "ರಕ್ತ ಕೆಟ್ಟೈತಿ", "ಹೀಟ್ ಆಗೈತಿ, ಮಂಡಕ್ಕಿ ಜೊತೆ ಮಿರ್ಚಿ ತಿನ್ನೋದು ಬಿಡು", "ಬದ್ನೇಕಾಯಿ ನಂಜು". ಹರಿಹರದ ನಮ್ಮ ದೊಡ್ಡಮ್ಮ ಇದನ್ನು ನಂಬಿ ಆರು ತಿಂಗಳು ಬದನೆಕಾಯಿ ಮುಟ್ಟಲಿಲ್ಲ. ಚುಕ್ಕೆ ಇದ್ದಲ್ಲೇ ಇತ್ತು. ಕೊನೆಗೆ ಚರ್ಮದ ಡಾಕ್ಟರ್ ನೋಡಿ, "ವಯಸ್ಸಾದಂಗೆ ಕೂದಲು ಬೆಳ್ಳಗಾಗಲ್ವೇನಮ್ಮ, ಇದೂ ಹಂಗೇ" ಅಂದರಂತೆ.

ಇದರ ಹೆಸರು ಚೆರ್ರಿ ಆಂಜಿಯೋಮ. ಚರ್ಮದ ಮೇಲ್ಪದರದ ಹತ್ತಿರ ಕೂದಲಿಗಿಂತ ಸಣ್ಣ ರಕ್ತನಾಳಗಳು ಹಿಗ್ಗಿ ಗುಂಪಾದಾಗ ಇಂಥ ಚುಕ್ಕೆ ಕಾಣುತ್ತದೆ. ರಕ್ತ ಕೆಟ್ಟಿರೋದಿಲ್ಲ. 30 ದಾಟಿದ ಮೇಲೆ ಒಂದೊಂದಾಗಿ ಶುರುವಾಗಿ ವಯಸ್ಸಿನ ಜೊತೆ ಹೆಚ್ಚುತ್ತವೆ. ಸಾಮಾನ್ಯವಾಗಿ 1ರಿಂದ 5 ಮಿಲಿಮೀಟರ್ ಅಷ್ಟೇ. ಕಪ್ಪು ಮೈಬಣ್ಣದವರಲ್ಲಿ ನೇರಳೆಯಾಗಿಯೂ ಕಾಣಬಹುದು.

19ನೇ ಶತಮಾನದ ಲಂಡನ್ ಸರ್ಜನ್ ಕ್ಯಾಂಬೆಲ್ ಡಿ ಮಾರ್ಗನ್ ಹೆಸರೂ ಈ ಚುಕ್ಕೆಗಳಿಗಿದೆ. ಇವಕ್ಕೂ ಕ್ಯಾನ್ಸರ್‌ಗೂ ನಂಟಿದೆ ಅಂತ ಅವರು ಭಾವಿಸಿದ್ದರು. ಆ ಮಾತು ಮುಂದೆ ನಿಲ್ಲಲಿಲ್ಲ. ಅಂಥ ಸರ್ಜನ್‌ಗೇ ಅನುಮಾನ ಬಂದಿದ್ದ ಮೇಲೆ ನಮ್ಮ ದೊಡ್ಡಮ್ಮ ಹೆದರಿದ್ದರಲ್ಲಿ ತಪ್ಪೇನಿದೆ?

ಚಿಕಿತ್ಸೆ ಬೇಕಿಲ್ಲ. ಕ್ರೀಮು, ಮಾತ್ರೆಗೆ ಇವು ಹೋಗಲ್ಲ. ನೋಡೋಕೆ ಬೇಡ ಅನ್ನಿಸಿದರೆ ಚರ್ಮದ ಡಾಕ್ಟರ್ ಕರೆಂಟಿನಿಂದ ಸುಟ್ಟೋ ಲೇಸರ್‌ನಿಂದಲೋ ತೆಗೀತಾರೆ. ಮನೆಯಲ್ಲಿ ಸುಣ್ಣ-ಸೋಡಾ ಹಚ್ಚೋದು, ಊದುಬತ್ತಿಯಿಂದ ಸುಡೋದು, ಬ್ಲೇಡಿನಿಂದ ಕೆರೆಯೋದು ಖಂಡಿತ ಬೇಡ. ಚುಕ್ಕೆ ಹೋದರೂ ಕಲೆ ಉಳಿಯುತ್ತದೆ, ಕೀವಾದರೆ ಇನ್ನೊಂದು ಕಷ್ಟ.

ಹಾಗಂತ ಎಲ್ಲ ಕೆಂಪು ಚುಕ್ಕೆಯೂ ಇದೇ ಅಲ್ಲ. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿದು ಸೂಜಿಮೊನೆಯಂಥ ಚಪ್ಪಟೆ ಚುಕ್ಕೆಗಳು ದಿಢೀರನೆ ಏಳಬಹುದು. ಒತ್ತಿದರೆ ಮಾಯವಾಗುತ್ತಾ ಅಂತ ನೋಡಿ ತೀರ್ಮಾನಿಸಬೇಡಿ. ಆ ಚುಕ್ಕೆ ಮಾಯವಾಗಲ್ಲ, ಚೆರ್ರಿ ಚುಕ್ಕೆಯೂ ಎಷ್ಟೋ ಸಲ ಪೂರ್ತಿ ಮಾಯವಾಗಲ್ಲ. ಜ್ವರ ಇದೆಯಾ, ಒಸಡಿನಲ್ಲಿ ರಕ್ತ ಬರ್ತಿದೆಯಾ, ಒಂದೆರಡು ದಿನದಲ್ಲೇ ಚುಕ್ಕೆ ಹರಡಿತಾ ನೋಡಿ. ಹೌದು ಅಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಚುಕ್ಕೆಯಿಂದ ಜೇಡರ ಕಾಲಿನಂತೆ ಗೆರೆಗಳು ಹರಡಿದ್ದು, ಜೊತೆಗೆ ಕಣ್ಣು ಹಳದಿಯಾಗಿದ್ದರೆ ಲಿವರ್ ತೋರಿಸಬೇಕು. ಚುಕ್ಕೆ ಬೇಗ ಬೆಳೆದರೆ, ಬಣ್ಣ ಬದಲಾದರೆ, ತಾನಾಗಿ ರಕ್ತ ಬಂದರೆ, ಇಲ್ಲವೇ ಒಮ್ಮೆಲೇ ಹತ್ತಾರು ಎದ್ದರೆ ಚರ್ಮದ ಡಾಕ್ಟರ್‌ಗೆ ತೋರಿಸಿ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹರಿಹರದಿಂದ ಸುಮಾರು 14 ಕಿಲೋಮೀಟರ್, ಅಷ್ಟೇ.

ಅನುಮಾನ ಇದ್ದರೆ ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟು ಚುಕ್ಕೆಯ ಫೋಟೋ ತೆಗೆದಿಡಿ, ಮೂರು ತಿಂಗಳಾದ ಮೇಲೆ ಇನ್ನೊಂದು ತೆಗೆದು ಹೋಲಿಸಿ. ಬದಲಾಗಿರದಿದ್ದರೆ ಅದರ ಪಾಡಿಗೆ ಅದನ್ನು ಬಿಡಿ. ರೊಟ್ಟಿ ಜೊತೆ ಎಣ್ಣೆಗಾಯಿ ಧಾರಾಳವಾಗಿ ತಿನ್ನಿ.