'ಪರೀಕ್ಷಿತ' ಎಂಬ ಮುದ್ರೆಯ ಹಿಂದೆ

"ಚರ್ಮತಜ್ಞರಿಂದ ಪರೀಕ್ಷಿತ" ಎಂಬ ಮುದ್ರೆ ಹೊತ್ತ ಸನ್‌ಸ್ಕ್ರೀನ್ ಟ್ಯೂಬುಗಳು ಈಗ ನಮ್ಮ ಘಟ್ಟದ ಪೇಟೆಗಳಿಗೂ ಬಂದಿವೆ. ಎಷ್ಟು ಜನರ ಮೇಲೆ, ಎಷ್ಟು ದಿನ, ಯಾವ ಬೆಳಕಿನಲ್ಲಿ ಪರೀಕ್ಷಿಸಿದರೆಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಕೊನೆಯ ಪ್ರಶ್ನೆಯೇ ಮುಖ್ಯವಾದುದು.

ಇಂತಹ ಮುಲಾಮುಗಳಲ್ಲಿ ದಶಕಗಳಿಂದ ಬಳಕೆಯಾಗಿರುವ ರಾಸಾಯನಿಕಗಳಲ್ಲೊಂದು ಆಕ್ಸಿಬೆನ್ಜೋನ್, ಅಂದರೆ ಬೆನ್ಜೋಫಿನೋನ್-3. ನೇರಳಾತೀತ ಕಿರಣಗಳನ್ನು ಹೀರುವುದು ಇದರ ಕೆಲಸ. ಕೆಲವರ ಚರ್ಮದಲ್ಲಿ ಇದೇ ತುರಿಕೆ, ದದ್ದುಗಳನ್ನು ಎಬ್ಬಿಸುತ್ತದೆ. ಅಂಥವರು ಕೆಲವರೇ; ಆದರೆ ಅವರಲ್ಲಿ ಹಲವರಿಗೆ ಬಿಸಿಲು ತಾಗಿದಾಗ ಮಾತ್ರ ಅದು ಪ್ರಕಟವಾಗುತ್ತದೆ. ಆದ್ದರಿಂದ ಬೆನ್ನಿಗೆ ಪಟ್ಟಿ ಅಂಟಿಸಿ ಮುಚ್ಚಿಟ್ಟು ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳಬಹುದು. ಒಂದೇ ಪದಾರ್ಥದ ಎರಡು ಪಟ್ಟಿ ಹಾಕಿ, ಒಂದು ಜಾಗಕ್ಕೆ ಮಾತ್ರ ನೇರಳಾತೀತ ಬೆಳಕು ಕೊಟ್ಟು ಹೋಲಿಸಬೇಕು. ಹಳ್ಳಿಯವರಿಗೆ ಆ ಸೌಲಭ್ಯ ಎಲ್ಲಿ ಸಿಗಬೇಕು? ಮುಖ ಕೆಂಪಾದ ಹುಡುಗಿ ಬಿಸಿಲನ್ನೇ ದೂರುತ್ತಾಳೆ, ಇನ್ನಷ್ಟು ಮುಲಾಮು ಬಳಿಯುತ್ತಾಳೆ. ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲವಾದ ರೋಗ ಇನ್ನೊಂದುಂಟೆ?

ಚರ್ಮದ ಮೇಲೆಯೇ ಉಳಿಯುತ್ತದೆಂಬ ಸಮಾಧಾನವೂ ನಿಲ್ಲಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳ 2019ರ ಅಧ್ಯಯನದಲ್ಲಿ 24 ಮಂದಿ ನಾಲ್ಕು ದಿನ, ದಿನಕ್ಕೆ ನಾಲ್ಕು ಬಾರಿ, ಮೈಯ ಮುಕ್ಕಾಲು ಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಂಡರು. ರಕ್ತದ್ರವದ ಪ್ರತಿ ಮಿಲಿಲೀಟರಿನಲ್ಲಿ 0.5 ನ್ಯಾನೋಗ್ರಾಂ ಮೀರಿದ ರಾಸಾಯನಿಕಕ್ಕೆ ಹೆಚ್ಚಿನ ವಿಷಪರೀಕ್ಷೆ ಬೇಕೆಂಬುದು ಅಳತೆಗೋಲು. ಆಕ್ಸಿಬೆನ್ಜೋನ್ ಸರಾಸರಿಯಲ್ಲಿ 150ನ್ನೂ ದಾಟಿತು. ರಕ್ತ ಸೇರಿದ್ದೆಲ್ಲ ವಿಷವಲ್ಲ, ನಿಜ. ಸನ್‌ಸ್ಕ್ರೀನ್ ಬಿಡಿರೆಂದು ಆ ವಿಜ್ಞಾನಿಗಳೂ ಹೇಳಲಿಲ್ಲ. ಆದರೆ ಈ ಪರೀಕ್ಷೆ ಮಾರಾಟಕ್ಕೆ ಮೊದಲು ನಡೆಯಬೇಕಿತ್ತಲ್ಲವೆ? ಐರೋಪ್ಯ ಒಕ್ಕೂಟವು 2022ರ ನಿಯಮದಲ್ಲಿ, ಮೈಗೆ ಹಚ್ಚುವ ಉತ್ಪನ್ನಗಳಲ್ಲಿ ಇದರ ಮಿತಿಯನ್ನು ಶೇಕಡ 6ರಿಂದ 2.2ಕ್ಕೆ ಇಳಿಸಿತು. ಹವಾಯಿಯಲ್ಲಿ ಹವಳದ ದಿಬ್ಬಗಳ ರಕ್ಷಣೆಗೆಂದು 2021ರಿಂದ ಇದುಳ್ಳ ಸನ್‌ಸ್ಕ್ರೀನುಗಳ ಮುಕ್ತ ಮಾರಾಟವೇ ನಿಂತಿದೆ.

ಕೃಷಿವಿಜ್ಞಾನಿಯಾದ ನನಗೆ ಈ ವರಸೆ ಹೊಸದಲ್ಲ. ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಸುರಕ್ಷಿತವೆಂದೇ ಹೇಳಿದ್ದರು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ!

ತೊನ್ನು ಇರುವವರಿಗೆ, ಹುಟ್ಟಿನಿಂದಲೇ ಬಣ್ಣವಿಲ್ಲದ ಚರ್ಮದವರಿಗೆ ಬಿಸಿಲಿನಿಂದ ರಕ್ಷಣೆ ಬೇಕೇ ಬೇಕು. ಅವರಿಗೆ ಸತುವಿನ ಆಕ್ಸೈಡ್ ಇರುವ ಮುಲಾಮು ದೊರೆಯುತ್ತದೆ. ಅಮೆರಿಕದ ಅದೇ ಆಡಳಿತವು 2019ರ ಕರಡು ನಿಯಮದಲ್ಲಿ ಸುರಕ್ಷಿತವೆಂದು ಗುರುತಿಸಿದ ಎರಡೇ ಪದಾರ್ಥಗಳಲ್ಲಿ ಅದೊಂದು. ಗದ್ದೆಗಿಳಿಯುವ ಉಳಿದವರಿಗೆ ಅಡಕೆ ಹಾಳೆಯ ಟೊಪ್ಪಿ, ತುಂಬುತೋಳಿನ ಅಂಗಿ ಇದ್ದೇ ಇವೆ. ಪೇಟೆಯಲ್ಲಿ ಟ್ಯೂಬು ಕೊಳ್ಳುವ ವಿದ್ಯಾರ್ಥಿಗಳು ಹಿಂಬದಿಯ ಸಣ್ಣಕ್ಷರ ಓದಲಿ. ಬೆನ್ಜೋಫಿನೋನ್-3 ಎಂದಿದ್ದರೆ ಅಂಗಡಿಯವನ ಕೈಗೇ ಮರಳಿಸಲಿ.